ಬೆಳ್ಳಗಿರುವುದೆಲ್ಲ ಹಾಲಲ್ಲ



ಸೂರತ್‌ನ ವರಾಛಾದಲ್ಲಿ ಇರುವ ನಿಮಗೆ ವಜ್ರದ ವಿಷಯ ನಾನು ಹೇಳಬೇಕಾಗಿಲ್ಲ. ಹೊಳೆಯಿತೆಂದ ಮಾತ್ರಕ್ಕೆ ಅಲ್ಲಿ ಯಾರೂ ಕಲ್ಲನ್ನು ಕೊಳ್ಳುವುದಿಲ್ಲ. ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂದು ನಿರ್ಧರಿಸುವಾಗಲೂ ಅದೇ ಎಚ್ಚರ ಬೇಕು.

ಗಡ್ಡೆ ಎಷ್ಟು ದೊಡ್ಡದು, ಎದೆಯ ನಡುವಿನ ದುಗ್ಧರಸ ಗ್ರಂಥಿಗಳಿಗೆ ತಲುಪಿದೆಯೇ, ಬೇರೆ ಅಂಗಗಳಿಗೆ ಹರಡಿದೆಯೇ ಎಂಬ ಲೆಕ್ಕದ ಮೇಲೆ 1ರಿಂದ 4ರವರೆಗೆ ಹಂತಗಳನ್ನು ಗುರುತಿಸುತ್ತಾರೆ. ಆರಂಭದ ಹಂತವಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶ ಚೆನ್ನಾಗಿರುತ್ತದೆ. ಆದ್ದರಿಂದ ಲೆಕ್ಕ ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ.

ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಬೆರೆಸಿದ ಸಕ್ಕರೆಯಂಥ ದ್ರವವನ್ನು ಚುಚ್ಚುತ್ತಾರೆ. ಅದನ್ನು ಹೆಚ್ಚು ಹೀರುವ ಜಾಗ ಹೊಳೆಯುತ್ತದೆ. ಆದರೆ ಕ್ಯಾನ್ಸರ್ ಮಾತ್ರವಲ್ಲ, ಕ್ಷಯರೋಗ ತಗುಲಿದ ಗ್ರಂಥಿಯೂ ಹೊಳೆಯುತ್ತದೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್‌ನಲ್ಲೂ ಹೀಗಾಗಬಹುದು. ನಿಮ್ಮ ಗುಜರಾತಿನಲ್ಲೇ, ಖಂಭಾತ್‌ನಲ್ಲಿ ಅಕೀಕ್ ಕಲ್ಲು ಉಜ್ಜುವ ಕೆಲಸಗಾರರನ್ನು ಈ ಕಾಯಿಲೆ ಬಹುಕಾಲದಿಂದ ಕಾಡಿದೆ. ಹೊಳಪು ಕಂಡೊಡನೆ “ಹರಡಿಬಿಟ್ಟಿದೆ, ಆಪರೇಷನ್ ಆಗದು” ಎಂದುಕೊಂಡರೆ, ಗುಣವಾಗಬಹುದಾದ ರೋಗಿ ಕೈತಪ್ಪಿ ಹೋಗಬಹುದು.

ಇದಕ್ಕೆ ತಿರುವುಮುರುವು ತಪ್ಪೂ ಉಂಟು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಗ್ರಂಥಿಯಲ್ಲೂ ಕ್ಯಾನ್ಸರ್ ಅಡಗಿರಬಹುದು. ಮಿದುಳು ಸಹಜವಾಗಿಯೇ ಸಕ್ಕರೆಯನ್ನು ಹೆಚ್ಚು ಬಳಸುವುದರಿಂದ ಅಲ್ಲಿನ ಸಣ್ಣ ಗಡ್ಡೆ ಪೆಟ್‌ನಲ್ಲಿ ಕಾಣದೆ ಹೋಗಬಹುದು, ಅದಕ್ಕೆ ಎಂ.ಆರ್.ಐ. ಬೇಕು. ಇನ್ನು, ಕಫ ಪರೀಕ್ಷೆ ಮಾಡದೆ, ಎಕ್ಸ್‌ರೇಯಲ್ಲಿ ಕಂಡ ನೆರಳನ್ನಷ್ಟೇ ನಂಬಿ ಕ್ಷಯದ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆದರೆ, ಆ ನಡುವೆ ಕ್ಯಾನ್ಸರ್ ಬೆಳೆಯುತ್ತಿರುತ್ತದೆ.

ಹಾಗಾದರೆ ಭೂತಗನ್ನಡಿ ಯಾವುದು? ಅನುಮಾನದ ಗ್ರಂಥಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಈಗ ಶ್ವಾಸನಾಳದೊಳಗೆ ಅಲ್ಟ್ರಾಸೌಂಡ್ ಇರುವ ಕೊಳವೆ ಇಳಿಸಿ, ಎದೆ ಕೊಯ್ಯದೆಯೇ ಸೂಜಿಯಿಂದ ಮಾದರಿ ತೆಗೆಯಬಹುದು. ಇದಕ್ಕೆ ಇಬಸ್ ಎನ್ನುತ್ತಾರೆ. ಸೂಜಿಯಲ್ಲಿ ಏನೂ ಸಿಗದೆ ಅನುಮಾನ ಉಳಿದರೆ, ಕತ್ತಿನ ಬುಡದಲ್ಲಿ ಸಣ್ಣ ಗಾಯ ಮಾಡಿ ನೋಡುವ ವಿಧಾನವೂ ಇದೆ.

ಮನೆಯವರಲ್ಲಿ ಯಾರಿಗಾದರೂ “ಕೊನೆಯ ಸ್ಟೇಜು” ಎಂದು ಹೇಳಿದರೆ ಎದೆಗುಂದಬೇಡಿ. ವೈದ್ಯರನ್ನು ವಿನಯದಿಂದಲೇ ಕೇಳಿ: “ಇದು ಸ್ಕ್ಯಾನ್ ಹೇಳಿದ್ದೋ, ಬಯಾಪ್ಸಿ ಹೇಳಿದ್ದೋ?” ಹಿಂದೆ ಕ್ಷಯ ಬಂದಿದ್ದರೆ, ದೂಳಿನ ಕೆಲಸ ಮಾಡಿದ್ದರೆ ಮರೆಯದೆ ತಿಳಿಸಿ. ಹಳೆಯ ಎಕ್ಸ್‌ರೇಗಳನ್ನೂ ಕೊಂಡೊಯ್ಯಿರಿ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಅಹಮದಾಬಾದಿನಲ್ಲಿ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ, ಊರಿನ ಕಡೆ ಬೆಂಗಳೂರಿನ ಕಿದ್ವಾಯಿ ಇದೆ.

ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ಒಂದು ಪ್ರಶ್ನೆಯಿಂದ ಒಂದು ಜೀವ ಉಳಿಯಬಹುದು.