ತರಕಾರಿಗೆ ಎಷ್ಟು ಜಮಾ ಬರೆಯಬೇಕು?



ಆರೋಗ್ಯದ ಗೋಷ್ಠಿಗೆ ಚಾರ್ಟರ್ಡ್ ಅಕೌಂಟೆಂಟನ್ನು ಯಾಕೆ ಕರೆದರು ಎಂದು ಕೆಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು. ನಾನು ವೈದ್ಯನಲ್ಲ. ಆದರೆ ಈ ವಿಷಯದಲ್ಲಿ ಒಂದು ಲೆಕ್ಕ ತಪ್ಪಿದವನು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಸಲೆಂದೇ ಬಂದಿದ್ದೇನೆ.

ದುಬೈಗೆ ಬಂದ ಹೊಸದರಲ್ಲಿ ನಾವು ಐದು ಜನ ಒಂದೇ ರೂಮಿನಲ್ಲಿದ್ದೆವು. ನಮ್ಮಲ್ಲಿ ಹಿರಿಯರು ಉಡುಪಿ ಕಡೆಯವರು, ಗೋದಾಮಿನಲ್ಲಿ ಕೆಲಸ. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದೆವು. ಒಂದು ರಾತ್ರಿ ಅವರು ಮೆಲ್ಲಗೆ, "ಮಲದಲ್ಲಿ ರಕ್ತ ಹೋಗ್ತಾ ಉಂಟು ಮಾರಾಯ" ಎಂದರು. "ಉಷ್ಣ ಅಣ್ಣ, ಮೂಲವ್ಯಾಧಿ ಇರಬೇಕು. ಪರೋಟ ಬಿಟ್ಟು ಮೂಲಂಗಿ, ಸೊಪ್ಪು ತಿನ್ನಿ" ಎಂದೆ. ಓದಿದವನ ಮಾತು ಎಂದು ಅವರು ನಂಬಿದರು. ವಾರ ವಾರ ಅವೀರ್ ಮಾರುಕಟ್ಟೆಯಿಂದ ಮೂಲಂಗಿ ತಂದರು. ಹೀಗೆ ಏಳು ತಿಂಗಳು. ನಡುವೆ ರಕ್ತ ನಿಂತಾಗ ಇಬ್ಬರೂ ಖುಷಿಪಟ್ಟೆವು. ತೂಕ ಇಳಿದ ಮೇಲೆ ಊರಿನಲ್ಲಿ ಪರೀಕ್ಷೆ ಮಾಡಿಸಿದರೆ ದೊಡ್ಡಕರುಳಿನ ಕ್ಯಾನ್ಸರ್, ಆಗಲೇ ಲಿವರ್‌ಗೂ ಹರಡಿತ್ತು. ಅವರ ಗ್ರಾಚ್ಯುಟಿಯ ಲೆಕ್ಕ ಮಾಡಿ ಅತ್ತಿಗೆಗೆ ಕಳಿಸಿದವನೂ ನಾನೇ.

ಆಮೇಲೆ ನಾನು ಓದತೊಡಗಿದೆ. ಹಾಗಾದರೆ ತರಕಾರಿಯ ಮಾತು ಸುಳ್ಳೆ? ಸುಳ್ಳಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಬ್ರೊಕೊಲಿ, ಸಾಸಿವೆ ಇವೆಲ್ಲ ಒಂದೇ ಕುಟುಂಬ. ಇವುಗಳಲ್ಲಿ ಗ್ಲುಕೋಸಿನೋಲೇಟ್ ಎಂಬ ಗಂಧಕದ ಸಂಯುಕ್ತಗಳಿವೆ. ಹೆಚ್ಚಿದಾಗ, ಜಗಿದಾಗ ಮೈರೋಸಿನೇಸ್ ಎಂಬ ಕಿಣ್ವ ಅವನ್ನು ಒಡೆಯುತ್ತದೆ. ಮೂಲಂಗಿಯ ಖಾರ, ಸಾಸಿವೆಯ ಘಾಟು ಹುಟ್ಟುವುದು ಹೀಗೆಯೇ. ಬ್ರೊಕೊಲಿಯಲ್ಲಿ ಹೀಗೆ ಹುಟ್ಟುವ ಸಲ್ಫೊರಾಫೇನ್, ವಿಷವಸ್ತುಗಳನ್ನು ಹೊರಹಾಕುವ ನಮ್ಮ ದೇಹದ ಕಿಣ್ವಗಳನ್ನೇ ಚುರುಕುಗೊಳಿಸುತ್ತದೆ ಎಂದು 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪಾಲ್ ತಲಾಲೆ ಅವರ ತಂಡ ತೋರಿಸಿತು.

ಆದರೆ ಅದು ಪ್ರಯೋಗಾಲಯದ ವೋಚರು. ಮನುಷ್ಯರ ಖಾತೆಯಲ್ಲಿ ಎಷ್ಟು ಜಮಾ ಆಗುತ್ತದೆ? ಯುರೋಪಿನ 10 ದೇಶಗಳ ಸುಮಾರು 4 ಲಕ್ಷ 78 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ 'ಎಪಿಕ್' ಅಧ್ಯಯನದ ಲೆಕ್ಕ 2010ರಲ್ಲಿ ಬಂತು. ದಿನಕ್ಕೆ 200 ಗ್ರಾಂ ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಒಟ್ಟು ಕ್ಯಾನ್ಸರ್ ಅಪಾಯ ಶೇಕಡಾ 3ರಷ್ಟು ಕಡಿಮೆ. ಅಂದರೆ 100 ಜನರಿಗೆ ಕ್ಯಾನ್ಸರ್ ಬರುವಲ್ಲಿ ಸುಮಾರು 97 ಜನರಿಗೆ ಬಂತು. ಲಾಭ ಇದೆ, ಚಿಕ್ಕದು. ದೊಡ್ಡಕರುಳಿನ ಮಟ್ಟಿಗೆ ನಾರಿನ ಪುರಾವೆ ಇನ್ನೂ ಗಟ್ಟಿ. ಅದಕ್ಕೆ ಬರೀ ತರಕಾರಿಯಲ್ಲ, ಬೇಳೆ, ಕಾಳು, ರಾಗಿಯೂ ಬೇಕು.

ತರಕಾರಿ ತಿನ್ನಲು ಪುರುಸೊತ್ತಿಲ್ಲ, ಅದರ ಸಾರ ಮಾತ್ರೆಯಲ್ಲಿ ಸಿಗುತ್ತದಲ್ಲ ಎನ್ನುವವರಿದ್ದೀರಿ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಹೆಚ್ಚಾಗಿತ್ತು. ಫಲಿತಾಂಶ ಬಂದದ್ದು 1994ರಲ್ಲಿ. ಮಾತ್ರೆಗೆ ಕೊಡುವ ದಿರ್ಹಮನ್ನು ಸಂತೆಗೆ ಕೊಡಿ.

ಖರ್ಚಿನ ಪುಟವನ್ನೂ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದು ಸಾರಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಶೇಕಡಾ 18 ಏರುತ್ತದೆ. ನಮ್ಮೂರಿನ ಅಡಿಕೆಯೂ ಅದೇ ಪಟ್ಟಿಯಲ್ಲಿದೆ ಎಂದು ಹೇಳಲು ನನಗೆ ಸಂಕಟ, ಆದರೆ ಇದೆ. ತಂಬಾಕಂತೂ ಮೊದಲ ಸಾಲಿನಲ್ಲೇ. ಗುಟ್ಕಾ ಜಗಿಯುತ್ತ ಕೋಸಿನ ಪಲ್ಯ ತಿಂದರೆ ಖಾತೆ ಸರಿದೂಗುವುದಿಲ್ಲ.

ರೂಮಿನ ಅಡುಗೆಗೆ ಎರಡು ಮಾತು. ಕೋಸನ್ನು ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒಲೆಗೆ ಹಾಕಿ, ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ತುಂಬ ನೀರಿನಲ್ಲಿ ಕುದಿಸಿ ಬಸಿದು ಚೆಲ್ಲಬೇಡಿ. ಬೆಂದ ಬ್ರೊಕೊಲಿಗೆ ಸಾಸಿವೆ ಪುಡಿ ಬೆರೆಸಿದರೆ ಸಲ್ಫೊರಾಫೇನ್ ಹೆಚ್ಚುತ್ತದೆ ಎಂದು 2013ರಲ್ಲಿ ಸಂಶೋಧಕರು ಬರೆದರು. ಅದನ್ನು ಓದಿದಾಗ ಹಸಿ ಸಾಸಿವೆ ಅರೆದು ಅಮ್ಮ ಮಾಡುತ್ತಿದ್ದ ಸಾಸಿವೆ ನೆನಪಾಯಿತು. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ಬೇಕು. ಆಲೂಗಡ್ಡೆ ಈ ಲೆಕ್ಕಕ್ಕಿಲ್ಲ. ಐದು ಜನರ ರೂಮಿಗೆ ಅಂದರೆ ದಿನಕ್ಕೆ 2 ಕಿಲೋ. ಸರದಿ ಪ್ರಕಾರ ತಂದರೆ ಕಷ್ಟವಿಲ್ಲ.

ಈಗ ನನ್ನ ವೃತ್ತಿಯ ಮಾತು. ನಾವು ಆಡಿಟ್ ವರದಿಗೆ ಸಹಿ ಹಾಕುವಾಗ ಕಂಪನಿಯಲ್ಲಿ ಮೋಸವೇ ಇಲ್ಲ ಎಂದು ಎಂದೂ ಬರೆಯುವುದಿಲ್ಲ. ನೋಡಬೇಕಾದ್ದನ್ನು ನೋಡಿದ್ದೇವೆ, ಸಮಂಜಸವಾದಷ್ಟು ಭರವಸೆ ಕೊಡುತ್ತೇವೆ, ಅಷ್ಟೆ. ತರಕಾರಿ ಕೊಡುವುದೂ ಅಷ್ಟೇ ಭರವಸೆ. ಅದು ಬರಬಹುದಾದ ಅಪಾಯವನ್ನು ಸ್ವಲ್ಪ ತಗ್ಗಿಸುತ್ತದೆ. ಬಂದಿರುವ ರೋಗವನ್ನು ಕಳೆಯುವುದಿಲ್ಲ. ನಾನು ಈ ಎರಡು ಖಾತೆಗಳನ್ನು ಬೆರೆಸಿಬಿಟ್ಟೆ.

ಅಣ್ಣ ಡಾಕ್ಟರ ಹತ್ತಿರ ಹೋಗದಿದ್ದದ್ದಕ್ಕೆ ಇನ್ನೊಂದು ಕಾರಣವಿತ್ತು. ಕಾಯಿಲೆ ಗೊತ್ತಾದರೆ ಕೆಲಸ ಹೋದೀತು ಎಂಬ ಭಯ. ಆ ಭಯ ಈ ಸಭೆಯಲ್ಲೂ ಇದೆ. ಆದರೆ ಬೇಗ ಸಿಕ್ಕ ಗಂಟು ಎಷ್ಟೋ ಸಲ ಶಸ್ತ್ರಚಿಕಿತ್ಸೆ, ಕೆಲವು ವಾರಗಳ ರಜೆಯಲ್ಲಿ ಮುಗಿಯುತ್ತದೆ. ತಡವಾಗಿ ಸಿಕ್ಕರೆ ಕೆಲಸವೂ ಹೋಗುತ್ತದೆ, ಕೆಲಸಗಾರನೂ ಹೋಗುತ್ತಾನೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ದೊಡ್ಡಕರುಳಿನ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದೆ. ರಕ್ತ ಕಂಡರೆ ಮಾತ್ರ ಯಾವ ವಯಸ್ಸಿಗೂ ಕಾಯಬೇಡಿ.

ಇವತ್ತು ರೂಮಿಗೆ ಹೋಗುವಾಗ ಒಂದು ಕೋಸು ಕೊಂಡುಹೋಗಿ. ಪರ್ಸಿನಲ್ಲಿ ಮಡಚಿಟ್ಟ ವಿಮೆಯ ಕಾರ್ಡನ್ನೂ ಹೊರಗೆ ತೆಗೆಯಿರಿ. ನಿಮ್ಮ ರೂಮಿನ ಅಣ್ಣ ಏನಾದರೂ ಮೆಲ್ಲಗೆ ಹೇಳಿದರೆ ಮದ್ದು ಹೇಳಬೇಡಿ, ಜೊತೆಗೆ ಆಸ್ಪತ್ರೆಗೆ ಹೋಗಿ.