ಹೊಗೆ ಕಂಡಿತು, ಬೆಂಕಿ ಯಾವುದು?

ಕಪ್ಪುಕುಳಿ ಎಂದರೇನೆಂದು ಮೊದಲಿಂದ ಹೇಳಲು ಹೋಗುವುದಿಲ್ಲ, ನಿಮಗೆಲ್ಲ ಗೊತ್ತಿದೆ. ಇವತ್ತು ಒಂದೇ ಒಂದು ಜಗಳದ ವಿಷಯ: ಗೆಲಾಕ್ಸಿಯ ನಡುವೆ ಧೂಳು ಹೊದ್ದು ಕೂತ ಕಪ್ಪುಕುಳಿಯನ್ನು ಬರೀ ಬಣ್ಣ ನೋಡಿ ಹಿಡಿಯಬಹುದೇ?

ಕಪ್ಪುಕುಳಿ ಅನಿಲವನ್ನು ನುಂಗುವಾಗ ಸುತ್ತ ಹೊಮ್ಮುವ ಬೆಳಕನ್ನು ಧೂಳು ಹೀರಿಬಿಡುತ್ತದೆ. ಹೀರಿದ್ದನ್ನು ಇಟ್ಟುಕೊಳ್ಳಲಾಗದೆ ಅವಕೆಂಪಿನಲ್ಲಿ ಉಗುಳುತ್ತದೆ. ಸುಮಾರು 1,500 ಕೆಲ್ವಿನ್ ದಾಟಿದರೆ ಕಣಗಳೇ ಆವಿಯಾಗುತ್ತವೆ, ಅಲ್ಲಿಯವರೆಗೂ ಕಾಯುತ್ತವೆ. ಸಾಧಾರಣ ನಕ್ಷತ್ರಗಳ ಬೆಳಕು 3.4 ಮೈಕ್ರಾನಿನಿಂದ 4.6ಕ್ಕೆ ಹೋಗುವಾಗ ಚೆನ್ನಾಗಿ ಇಳಿಯುತ್ತದೆ, ಕಾದ ಧೂಳಿನದು ಹಾಗೆ ಇಳಿಯುವುದಿಲ್ಲ. 2009ರ ಡಿಸೆಂಬರಿನಲ್ಲಿ ಹಾರಿದ ವೈಸ್ ದೂರದರ್ಶಕ ಆಕಾಶವನ್ನೆಲ್ಲ ಈ ಎರಡು ಬಣ್ಣಗಳಲ್ಲೂ ನೋಡಿತು. ಅದರ ಕನ್ನಡಿ ಬರೀ 40 ಸೆಂಟಿಮೀಟರ್! 2012ರಲ್ಲಿ ಡೇನಿಯಲ್ ಸ್ಟರ್ನ್ ತಂಡ ಒಂದು ಗಡಿ ಹಾಕಿತು: ವ್ಯತ್ಯಾಸ 0.8 ಕಾಂತಿಮಾನವೋ ಅದಕ್ಕಿಂತ ಹೆಚ್ಚೋ ಇದ್ದರೆ ಒಳಗೊಂದು ಕಪ್ಪುಕುಳಿ ಉಣ್ಣುತ್ತಿದೆ. ದೊಡ್ಡ ಗೆಲಾಕ್ಸಿಗಳಲ್ಲಿ ಈ ಗಡಿ ನಂಬಿಕೆ ಉಳಿಸಿಕೊಂಡಿತು.

ತಕರಾರು ಬಂದದ್ದು ಕುಬ್ಜ ಗೆಲಾಕ್ಸಿಗಳಿಂದ. ಅಲ್ಲೂ ಕೆಂಪು ಕಂಡಿತು, ಕೆಲವರು ಕಪ್ಪುಕುಳಿ ಸಿಕ್ಕಿತೆಂದು ಹಿಗ್ಗಿದರು. 2016ರಲ್ಲಿ ಕೆವಿನ್ ಹೈನ್‌ಲೈನ್ ಮತ್ತು ಸಂಗಡಿಗರು ತಣ್ಣೀರು ಎರಚಿದರು: ಪುಟ್ಟ ಗೆಲಾಕ್ಸಿಯಲ್ಲಿ ಎಳೆಯ ನಕ್ಷತ್ರಗಳು ಗುಂಪಾಗಿ ಹುಟ್ಟಿದರೂ ಧೂಳು ಹೀಗೆಯೇ ಕಾಯುತ್ತದೆ.

ನಮ್ಮ ಸಂಸ್ಕೃತದ ಮೇಷ್ಟ್ರು ತರ್ಕ ಪಾಠ ಮಾಡುವಾಗ ಬೆಟ್ಟದ ಹೊಗೆಯನ್ನು ಎಳೆದು ತರುತ್ತಿದ್ದರು. ಹೊಗೆ ಇದ್ದಲ್ಲಿ ಬೆಂಕಿ ಎಂದು ನಾವು ಒಟ್ಟಿಗೆ ಕೂಗಿದರೆ, ನಶ್ಯದ ಡಬ್ಬಿ ತಟ್ಟುತ್ತಾ, "ಸರಿ ಕಣ್ರೋ, ಒಲೆಯದೋ ಕಾಡ್ಗಿಚ್ಚಿನದೋ? ಅಥವಾ ಬರೀ ಮಂಜೋ?" ಅನ್ನುವರು. ಪರೀಕ್ಷೆಗೆ ಬಾರದ ಪ್ರಶ್ನೆ ಅಂತ ಬೈದುಕೊಳ್ಳುತ್ತಿದ್ದೆವು. ಅವರು ಹೈನ್‌ಲೈನರ ಪಕ್ಷವೇ, ಅನುಮಾನವಿಲ್ಲ.

ಹಾಗಾಗಿ ನನ್ನ ಒಲವು ಬಣ್ಣಕ್ಕಿಂತ ನಿಯಾನ್ ರೇಖೆಯ ಕಡೆಗೆ. ನಿಯಾನ್ ಪರಮಾಣುವಿನ ನಾಲ್ಕನೆಯ ಎಲೆಕ್ಟ್ರಾನನ್ನು ಕೀಳಲು 97 ಎಲೆಕ್ಟ್ರಾನ್ ವೋಲ್ಟ್ ಬೇಕು. ಮಾಮೂಲಿ ನಕ್ಷತ್ರಗಳಿಂದ ಅದು ಆಗದ ಕೆಲಸ. ಕಿತ್ತ ಮೇಲೆ ಆ ಅಯಾನು 14.3 ಮೈಕ್ರಾನಿನಲ್ಲಿ ಹೊಳೆಯುತ್ತದೆ, ಧೂಳು ಅದನ್ನು ಅಷ್ಟಾಗಿ ತಡೆಯುವುದಿಲ್ಲ. 2007ರಲ್ಲಿ ಶೋಭಿತಾ ಸತ್ಯಪಾಲ್ ತಂಡ ಸ್ಪಿಟ್ಜರ್ ದೂರದರ್ಶಕದಿಂದ ಎನ್‌ಜಿಸಿ 3621ರಲ್ಲಿ ಈ ರೇಖೆಯನ್ನೇ ಹಿಡಿಯಿತು. ನಡುವೆ ಉಬ್ಬೇ ಇಲ್ಲದ ಸುರುಳಿ ಗೆಲಾಕ್ಸಿ ಅದು. ಅಂಥಲ್ಲಿ ದೊಡ್ಡ ಕಪ್ಪುಕುಳಿ ಇರುತ್ತದೆಂದು ಹೆಚ್ಚಿನವರು ಎಣಿಸಿರಲಿಲ್ಲ. ನನಗೆ ಇಡೀ ಕ್ಷೇತ್ರದಲ್ಲಿ ಇಷ್ಟವಾದ ಶೋಧ ಅದೊಂದೇ, ಹೇಳಿಬಿಡುತ್ತೇನೆ.

ಆದರೆ ಸೂಪರ್‌ನೋವಾದ ರಭಸದ ಆಘಾತ ತರಂಗಗಳೂ ನಿಯಾನನ್ನು ಈ ಸ್ಥಿತಿಗೆ ತರಬಲ್ಲವು. ಹಾಗಿದ್ದರೆ ನನ್ನ ಸಾಕ್ಷಿಯೂ ಎಷ್ಟು ಗಟ್ಟಿ? ಇನ್ನು ಕೆಂಪು ಬಣ್ಣವಿದ್ದೂ ನಿಯಾನ್ ರೇಖೆ ಕಾಣದ ಕುಬ್ಜಗಳನ್ನು ಪಟ್ಟಿಯಿಂದ ಕಿತ್ತು ಹಾಕಬೇಕೇ? ಅಥವಾ ಅಲ್ಲಿನ ಕಪ್ಪುಕುಳಿ ಕಡಿಮೆ ಉಣ್ಣುತ್ತಿರುವುದರಿಂದ ರೇಖೆ ನಮ್ಮ ಉಪಕರಣಕ್ಕೆ ಸಿಗದಷ್ಟು ಕ್ಷೀಣವಾಗಿದೆಯೇ?