ಹಳೆಯ ಕಬ್ಬಿಣ, ಹೊಸ ಕುಂಟೆ

(ಮುಂಬಯಿಯ ಫೋರ್ಟಿನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ನಾವು ಇಂದು ಸೇರಿರುವ ಈ ಭಾಗಕ್ಕೆ ಕೋಟೆಯ ಹೆಸರಿದೆ. ಆ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಲಾಯಿತು. ಹೆಸರು ಮಾತ್ರ ಉಳಿಯಿತು. ಇಲ್ಲಿನ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಉಪಾಹಾರಗೃಹಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಕನ್ನಡಿಗರ ಹಲವು ತಲೆಮಾರುಗಳನ್ನು ಈ ಬೀದಿಗಳು ಕಂಡಿವೆ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ಅಷ್ಟಿಷ್ಟು ಜಮೀನಿದೆ. ಆ ಜಮೀನಿನಲ್ಲಿ ಈಗ ದುಡಿಯುತ್ತಿರುವವರು ಯಾರು? ಹೆಚ್ಚಿನ ಮನೆಗಳಲ್ಲಿ ವಯಸ್ಸಾದ ತಂದೆ ತಾಯಿ, ಅತ್ತಿಗೆ, ಅಕ್ಕ ತಂಗಿಯರು. ತೋಳ್ಬಲವುಳ್ಳವರು ನಗರ ಸೇರಿದರು. ಭಾರವಾದ ಉಪಕರಣಗಳು ಹಿಂದೆ ಉಳಿದವರ ಪಾಲಿಗೆ ಬಂದವು. ಈ ಭಾರವನ್ನು ಹಗುರಗೊಳಿಸುವ ಒಂದು ದಾರಿಯನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಗುಜರಿ ಸಾಮಾನಿನಿಂದ ಮನೆಯಲ್ಲಿಯೇ ಕೃಷಿ ಉಪಕರಣಗಳನ್ನು ಮಾಡಿಕೊಳ್ಳುವುದೇ ಆ ದಾರಿ.

ಈ ಮಾತಿಗೂ ಈ ನಗರಕ್ಕೂ ಹಳೆಯ ನಂಟಿದೆ. ಫೋರ್ಟಿನ ಉತ್ತರದ ಅಂಚಿನಲ್ಲಿ, ರೈಲು ನಿಲ್ದಾಣದ ಸಮೀಪದಲ್ಲಿಯೇ ಸರ್ ಜೆ.ಜೆ. ಕಲಾಶಾಲೆ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಈ ಶಾಲೆಗೆ ಬಂದರು. ಬಣ್ಣಗಳ ಭೇದ ಅವರ ಕಣ್ಣಿಗೆ ತಿಳಿಯದಿದ್ದುದರಿಂದ ಚಿತ್ರಕಲೆಯನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಮುಂದೆ ಇದೇ ನಗರದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಅನಂತರ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಗುಲಿದರೆ ಮಣ್ಣಿಗೆ ವಿಷವೇರುತ್ತದೆ ಎಂಬ ನಂಬಿಕೆ ಅಂದು ರೈತರಲ್ಲಿದ್ದುದರಿಂದ ಮೊದಮೊದಲು ಆ ನೇಗಿಲನ್ನು ಕೊಳ್ಳುವವರೇ ಇರಲಿಲ್ಲ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಕೊರತೆ ಉಂಟಾದಾಗ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಅವರಿಗೆ ಕೊಡಿಸಿದರು. ಫಿರಂಗಿ ಕರಗಿ ನೇಗಿಲಾಯಿತು. ಕೆಲಸಕ್ಕೆ ಬಾರದೆಂದು ಬಿದ್ದಿದ್ದ ಕಬ್ಬಿಣ ಅನ್ನ ಬೆಳೆಯುವ ಸಾಧನವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಮ್ಮ ಕಾಲದಲ್ಲಿಯೂ ಇಂತಹವರಿದ್ದಾರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಚಿಕ್ಕಂದಿನಲ್ಲಿ ಬೆಳಿಗ್ಗೆ ಬೇಗ ಏಳಲು ಆಗುತ್ತಿರಲಿಲ್ಲ. ಗಡಿಯಾರದ ಅಲಾರಾಂ ಕೀಲಿಗೆ ದಾರ ಕಟ್ಟಿ, ಆ ದಾರಕ್ಕೆ ನೀರಿನ ಬಾಟಲಿ ಹೊಂದಿಸಿ, ಸಮಯಕ್ಕೆ ಸರಿಯಾಗಿ ತಮ್ಮ ಮುಖದ ಮೇಲೆಯೇ ನೀರು ಸುರಿಯುವಂತೆ ಮಾಡಿಕೊಂಡರು! ಮನೆಯಲ್ಲಿದ್ದ ವಸ್ತುಗಳಿಂದಲೇ ಆರಂಭವಾದ ಆ ಬುದ್ಧಿ ಮುಂದೆ ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿ ಮಾಡುವ ಯಂತ್ರ ಮುಂತಾದವಾಗಿ ಬೆಳೆಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ ಅವರು 1994ರಲ್ಲಿ ಬುಲೆಟ್ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ತೆಗೆದು, ಆ ಜಾಗದಲ್ಲಿ ಎರಡು ಚಕ್ರಗಳನ್ನೂ ಕುಂಟೆಯ ಅಲಗುಗಳನ್ನೂ ಜೋಡಿಸಿ, ಎತ್ತು ಸಾಕಲಾಗದ ರೈತರಿಗಾಗಿ ಉಳುವ ವಾಹನವನ್ನು ನಿರ್ಮಿಸಿದರು.

ಈ ಮೂವರೂ ಯಂತ್ರಕ್ಕೆ ಹೊಲವನ್ನು ಹೊಂದಿಸಲಿಲ್ಲ. ಹೊಲಕ್ಕೆ ಯಂತ್ರವನ್ನು ಹೊಂದಿಸಿದರು. ಮನೆಯಲ್ಲಿ ಮಾಡಿದ ಉಪಕರಣದ ನಿಜವಾದ ಬೆಲೆ ಇಲ್ಲಿದೆ. ಹಣ ಉಳಿಯುವುದು ಎರಡನೆಯ ಮಾತು. ಬಳಸುವವರ ಎತ್ತರಕ್ಕೆ, ಬಲಕ್ಕೆ, ಸಾಲಿನ ಅಂತರಕ್ಕೆ ಅದು ಒಪ್ಪುತ್ತದೆ. ಮುರಿದರೆ ಊರಿನ ಕುಲುಮೆಯಲ್ಲಿಯೇ ಸರಿಹೋಗುತ್ತದೆ.

ಒಂದು ಸರಳ ಉದಾಹರಣೆಯನ್ನು ನೋಡೋಣ. ಸೈಕಲ್ ಎಡೆಕುಂಟೆಯನ್ನು ಉತ್ತರ ಕರ್ನಾಟಕದ ರೈತರು ಚೆನ್ನಾಗಿ ಬಲ್ಲರು. ಹಳೆಯ ಸೈಕಲ್ಲಿನ ಮುಂದಿನ ಚಕ್ರ, ಅದನ್ನು ಹಿಡಿದಿರುವ ಕವಲು ಮತ್ತು ಹ್ಯಾಂಡಲ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಚಕ್ರದ ಹಿಂದೆ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು, ಅದರ ತುದಿಗೆ ಸಾಲಿನ ಅಂತರಕ್ಕಿಂತ ಕಿರಿದಾದ ಅಲಗನ್ನು ಜೋಡಿಸಬೇಕು. ಭಾರವನ್ನು ಚಕ್ರ ಹೊರುತ್ತದೆ. ತಳ್ಳುವವರು ನೇರವಾಗಿ ನಿಂತು ನಡೆಯುತ್ತಾರೆ. ಕುಳಿತು ಬಾಗಿ ಕಳೆ ತೆಗೆಯುವ ಹೆಣ್ಣುಮಕ್ಕಳ ಸೊಂಟಕ್ಕೆ ಇದರಿಂದ ಸಿಗುವ ವಿಶ್ರಾಂತಿಯನ್ನು ಅವರೇ ಹೇಳಬೇಕು. ಹಿಡಿಕೆ ಅವರ ಸೊಂಟದ ಮಟ್ಟಕ್ಕೆ ಬರುವಂತೆ ಏರಿಳಿಸಲು ನಾಲ್ಕಾರು ತೂತುಗಳನ್ನು ಕೊರೆದಿಟ್ಟರೆ ಒಂದೇ ಕುಂಟೆ ಅತ್ತೆಗೂ ಸೊಸೆಗೂ ಒದಗುತ್ತದೆ.

ಅಲಗಿಗೆ ಲಾರಿಯ ಕಮಾನು ಪಟ್ಟಿ, ಎಂದರೆ ಗ್ಯಾರೇಜಿನವರು ಪ್ಲೇಟು ಎಂದು ಕರೆಯುವ ಉಕ್ಕು, ಉತ್ತಮವಾದುದು. ಅದರಲ್ಲಿ ನೂರಕ್ಕೆ ಸುಮಾರು ಅರ್ಧ ಭಾಗಕ್ಕಿಂತ ಹೆಚ್ಚು ಇಂಗಾಲವಿರುವುದರಿಂದ ಹದ ಹಿಡಿಯುತ್ತದೆ, ಅಂಚು ಬೇಗ ಸವೆಯುವುದಿಲ್ಲ. ಮನೆ ಕಟ್ಟುವ ಸಾಮಾನ್ಯ ಕಬ್ಬಿಣಕ್ಕೆ ಈ ಗುಣವಿಲ್ಲ. ಮೊದಲು ಪಟ್ಟಿಯನ್ನು ತೂಗುಹಾಕಿ ಸುತ್ತಿಗೆಯಿಂದ ಬಡಿದು ನೋಡಿರಿ. ನಾದ ಸ್ಪಷ್ಟವಾಗಿದ್ದರೆ ಸರಿ. ಒಡಕು ದನಿ ಬಂದರೆ ಒಳಗೆ ಬಿರುಕಿದೆ ಎಂದರ್ಥ. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ತೂತು ಕೊರೆಯುವಷ್ಟು ಮೆತ್ತಗಾಗುತ್ತದೆ. ಆಕಾರ ಬಂದ ಮೇಲೆ ಅಂಚನ್ನು ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ನೀರಿನಲ್ಲಿ ಅದ್ದಿದರೆ ಸೀಳುವ ಸಂಭವ ಹೆಚ್ಚು. ಕೊನೆಗೆ, ಉಜ್ಜಿ ಹೊಳಪಿಸಿದ ಅಲಗಿನ ಮೇಲೆ ಕಂದು ಬಣ್ಣ ಮೂಡಿ ನೀಲಿಗೆ ತಿರುಗುವವರೆಗೆ ಹಿತವಾಗಿ ಕಾಯಿಸಿದರೆ ಅಲಗು ಗಟ್ಟಿಯಾಗಿಯೂ ಇರುತ್ತದೆ, ಕಲ್ಲಿಗೆ ತಗುಲಿದಾಗ ಚಟ್ಟನೆ ಮುರಿಯುವುದೂ ಇಲ್ಲ. ನಮ್ಮ ಊರುಗಳ ಕಮ್ಮಾರರು ಈ ವಿದ್ಯೆಯನ್ನು ಕಣ್ಣಳತೆಯಿಂದಲೇ ಬಲ್ಲರು. ಅವರ ಕುಲುಮೆ ಆರಿಹೋದರೆ ಈ ತಿಳಿವಳಿಕೆಯೂ ಆರಿಹೋಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಇನ್ನು ಎಚ್ಚರಿಕೆಯ ಮಾತು. ಗುಜರಿ ಸಾಮಾನೆಲ್ಲವೂ ಒಳ್ಳೆಯದಲ್ಲ. ಸತು ಲೇಪಿಸಿದ ನೀರಿನ ಪೈಪನ್ನು ಲೇಪ ತೆಗೆಯದೆ ಬೆಸುಗೆ ಹಾಕಿದರೆ ಏಳುವ ಹೊಗೆಯಿಂದ ಚಳಿಜ್ವರ ಬರುತ್ತದೆ. ಬಾಯಿ ಮುಚ್ಚಿದ ಶಾಕ್ ಅಬ್ಸಾರ್ಬರನ್ನು ಬೆಂಕಿಗೆ ಹಿಡಿದರೆ ಸಿಡಿಯುತ್ತದೆ. ಎಣ್ಣೆ, ಪೆಟ್ರೋಲು ತುಂಬಿದ್ದ ಪೀಪಾಯಿ ಖಾಲಿಯಾಗಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಅದನ್ನು ಬೆಂಕಿಯಿಂದ ಕತ್ತರಿಸಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಕೀಟನಾಶಕದ ಡಬ್ಬಗಳನ್ನು ಬೀಜಪೆಟ್ಟಿಗೆಗಾಗಲಿ ನೀರು ತುಂಬಲಿಕ್ಕಾಗಲಿ ಬಳಸಲೇಬಾರದು. ಮೋಟಾರಿನಿಂದ ತಿರುಗುವ ಯಾವುದೇ ಉಪಕರಣದ ಪಟ್ಟಾ, ಸರಪಳಿ, ಹಲ್ಲುಚಕ್ರಗಳಿಗೆ ಮುಚ್ಚಳ ಹಾಕದೆ ಹೊಲಕ್ಕೆ ಇಳಿಸಬಾರದು. ಸೀರೆಯ ಸೆರಗು, ಪಂಚೆಯ ಅಂಚು ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಕಟವೇ 1983ರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಗೆ ಕಾರಣವಾಯಿತು. ಮನೆಯಲ್ಲಿ ಮಾಡಿದ ಯಂತ್ರಕ್ಕೆ ತಪಾಸಣೆ ಮಾಡುವ ಅಧಿಕಾರಿ ಇರುವುದಿಲ್ಲ. ಆ ಹೊಣೆಯನ್ನು ಮಾಡಿದವನೇ ಹೊರಬೇಕು.

ಆದುದರಿಂದ ಕೈಯಿಂದ ತಳ್ಳುವ, ಎತ್ತು ಎಳೆಯುವ ಉಪಕರಣಗಳಿಂದ ಆರಂಭಿಸುವುದು ಕ್ಷೇಮ. ದೊಡ್ಡ ಯಂತ್ರ ಬೇಕಾದಲ್ಲಿ ಬಾಡಿಗೆಗೆ ಪಡೆಯಬಹುದು. ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಆರಂಭವಾದುದು ಇದಕ್ಕಾಗಿಯೇ. ಸಲಹೆಗೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಮಹಿಳೆಯರಿಗೆ ಒಪ್ಪುವ ಕೈ ಉಪಕರಣಗಳನ್ನು ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದೆ. ಹೊಸತೇನನ್ನಾದರೂ ಕಂಡುಹಿಡಿದವರಿಗೆ ನೆರವಾಗಲೆಂದು 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಸ್ಥಾಪನೆಯಾಯಿತು.

ಬಂಧುಗಳೇ, ದಾರೂಖಾನದ ಹಳೆಯ ಕಬ್ಬಿಣ, ಕುರ್ಲಾದ ಮೋಟಾರು ಬಿಡಿಭಾಗಗಳು, ನಾಗದೇವಿ ಬೀದಿಯ ಕೈ ಹತಾರಗಳು ನಮಗೆ ಹತ್ತಿರದಲ್ಲಿಯೇ ಇವೆ. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಕೆಲಸ ಮಾಡೋಣ. ಮುಂದಿನ ಬಾರಿ ಊರಿಗೆ ಹೋದಾಗ, ಹೊಲದಲ್ಲಿ ದುಡಿಯುವ ಅಕ್ಕನನ್ನೋ ಅಮ್ಮನನ್ನೋ ಕೇಳೋಣ: ಯಾವ ಕೆಲಸ ನಿಮ್ಮನ್ನು ಹೆಚ್ಚು ದಣಿಸುತ್ತದೆ? ಅವರು ಹೇಳಿದುದನ್ನು ಬರೆದುಕೊಂಡು, ಸಾಲಿನ ಅಂತರವನ್ನೂ ಅವರ ಸೊಂಟದ ಎತ್ತರವನ್ನೂ ಅಳೆದು, ಊರಿನ ಕಮ್ಮಾರನೊಡನೆ ಕುಳಿತು ಮಾತನಾಡೋಣ. ಕಬ್ಬಿಣ ಹುಡುಕುವ ಕೆಲಸ ಆಮೇಲಿನದು. ನಾವು ಕಳುಹಿಸುವ ಹಣಕ್ಕಿಂತ ಅವರ ಕೈಗೆ ಒಪ್ಪುವ ಒಂದು ಎಡೆಕುಂಟೆ ಕೆಲವೊಮ್ಮೆ ಹೆಚ್ಚು ಉಪಕಾರ ಮಾಡೀತು.